ಖುಕ್ರಿಯಲ್ಲಿದ್ದ ದೊಡ್ಡಪ್ಪನ ದಾಖಲೆಗಳು: ಅನುಭವವಿದ್ದವರು ತಿಳಿಸಿ

ಪ್ರಶ್ನೆ (ಮದ್ದೂರಿನಿಂದ): 1971ರ ಡಿಸೆಂಬರ್ 9ರ ರಾತ್ರಿ ದಿಯು ತೀರದಾಚೆ ಮುಳುಗಿದ ನಮ್ಮ ನೌಕಾಪಡೆಯ ಯುದ್ಧನೌಕೆ ಐಎನ್‌ಎಸ್ ಖುಕ್ರಿಯಲ್ಲಿ ನಮ್ಮ ದೊಡ್ಡಪ್ಪ ನಾವಿಕರಾಗಿದ್ದರು. ಮನೆಯಲ್ಲಿ ಉಳಿದಿರುವುದು ಅಂದು ಬಂದ ತಂತಿ ಸಂದೇಶವೊಂದೇ. ಹುಡುಕಾಟವನ್ನು ಎಲ್ಲಿಂದ ಆರಂಭಿಸಲಿ?

ಉತ್ತರ (ಮೈಸೂರು, ಕುವೆಂಪುನಗರ): ನಮ್ಮ ಸೋದರಮಾವನವರ ನೌಕಾಸೇವೆಯ ವಿವರಕ್ಕಾಗಿ ಎರಡು ವರ್ಷ ಅಲೆದವನು ನಾನು; ನಾನು ಮಾಡಿದ ತಪ್ಪನ್ನು ತಾವು ಮಾಡಬಾರದೆಂದು ಬರೆಯುತ್ತಿದ್ದೇನೆ. ಮುಳುಗಿದ ಹಡಗಿನ ದಿನಚರಿ ಪುಸ್ತಕವನ್ನು ಕೇಳಬೇಡಿ, ಅದು ಹಡಗಿನೊಂದಿಗೇ ಹೋಗಿರುತ್ತದೆ. ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದ ಕೆಲವೇ ನಿಮಿಷಗಳಲ್ಲಿ ಖುಕ್ರಿ ಮುಳುಗಿ, ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಆದ್ದರಿಂದ ಆ ರಾತ್ರಿಯ ಕಥೆಯನ್ನು ಜೊತೆಗಿದ್ದ ಹಡಗು ಕಿರ್ಪಾಣ್, ಮರುದಿನ ಬದುಕುಳಿದವರನ್ನು ನೀರಿನಿಂದ ಎತ್ತಿಕೊಂಡ ಹಡಗು ಕಚ್ಚಾಲ್, ದಡದ ಕಚೇರಿಗಳಿಗೆ ಹೋದ ಸಂದೇಶಗಳು, ಉಳಿದವರ ಹೇಳಿಕೆಗಳು ಇವುಗಳಿಂದಲೇ ಕಟ್ಟಿಕೊಳ್ಳಬೇಕಾಗುತ್ತದೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ ಪಟಲ್’ ಜಾಲತಾಣದಲ್ಲಿ ಮೊದಲು ಹುಡುಕಿ. ರಕ್ಷಣಾ ಇಲಾಖೆಯ ಕಡತಗಳೆಲ್ಲ ಅಲ್ಲಿಗೆ ಬಂದಿರುತ್ತವೆಂದು ಮಾತ್ರ ನೆಚ್ಚಿಕೊಳ್ಳಬೇಡಿ.

ಉತ್ತರ (ಮಂಡ್ಯ): ದೊಡ್ಡಪ್ಪನವರ ಸೇವಾ ವಿವರವೇ ಬೇಕಾದರೆ ಮುಂಬೈಯ ಮಾನ್‌ಖುರ್ದ್‌ನ ಚೀತಾ ಕ್ಯಾಂಪಿನಲ್ಲಿರುವ, ನಾವಿಕರ ಸೇವಾ ದಾಖಲೆಗಳನ್ನಿಡುವ ಬ್ಯೂರೊ ಆಫ್ ಸೇಲರ್ಸ್‌ಗೆ ಬರೆಯಿರಿ. ಅಲ್ಲಿ ಹೆಸರಿಗಿಂತ ಸೇವಾ ಸಂಖ್ಯೆಯೇ ಮುಖ್ಯ, ಏಕೆಂದರೆ ನಮ್ಮ ಕಡೆಯ ಹೆಸರುಗಳ ಪಾಡು ನಿಮಗೆ ಗೊತ್ತೇ ಇದೆ: ಊರು, ತಂದೆಯ ಹೆಸರು ಇನಿಷಿಯಲ್‌ಗಳಾಗಿರುತ್ತವೆ, ಯಾರೋ ಗುಮಾಸ್ತರು ಅವನ್ನು ಬಿಡಿಸಿ ಬರೆದಾಗ ಊರೇ ಮುಂದೆ ಬಂದು ಮನುಷ್ಯ ಹಿಂದೆ ಸರಿದಿರುತ್ತಾನೆ. ‘ಗೌಡ’ ಎಂಬುದನ್ನಂತೂ ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆಯುವುದನ್ನು ನಾನೇ ಕಂಡಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು. 8(3)ನೇ ಕಲಮಿನ ಪ್ರಕಾರ 20 ವರ್ಷ ದಾಟಿದ ಘಟನೆಗಳಿಗೆ ಹಲವು ವಿನಾಯಿತಿಗಳು ಅನ್ವಯಿಸುವುದಿಲ್ಲವಾದರೂ, ದೇಶದ ಭದ್ರತೆಯ ಕಾರಣ ಹಾಗೆಯೇ ಉಳಿಯುತ್ತದೆ. ಆದ್ದರಿಂದ ‘ಮುಳುಗಡೆಯ ಎಲ್ಲ ಕಡತ’ ಎಂದು ಕೇಳದೆ, ಅವರು ಹಡಗಿಗೆ ಸೇರಿದ ದಿನ, ಕರ್ತವ್ಯ, ಕುಟುಂಬಕ್ಕೆ ಹೋದ ಪತ್ರಗಳ ಪ್ರತಿ ಇಷ್ಟನ್ನೇ ಕೇಳಿ.

ಉತ್ತರ (ಮೈಸೂರು, ಸರಸ್ವತಿಪುರಂ): ಹಂಗೋರ್ ಕಡೆಯ ಬರಹಗಳನ್ನೂ ಓದಿ, ಆದರೆ ಗಡಿಯಾರ ನೋಡಿಕೊಂಡು ಓದಿ. ಕರಾಚಿಯ ಸಮಯ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಇದನ್ನು ಮರೆತು ಎರಡು ವರದಿಗಳು ಒಂದಕ್ಕೊಂದು ವಿರುದ್ಧವೆಂದು ನಾನು ನಾಲ್ಕು ಪುಟ ಟಿಪ್ಪಣಿ ಬರೆದು ಹರಿದು ಹಾಕಿದ್ದುಂಟು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಟ್ರಂಕಿನಿಂದ ತಂತಿಯನ್ನು ತೆಗೆದು ನೋಡಿದೆ. ದೊಡ್ಡಪ್ಪನ ಹೆಸರಿನ ಪಕ್ಕದಲ್ಲಿ ಸಂಖ್ಯೆಯೊಂದಿದೆ. ಮಡಿಕೆ ಸವೆದು ಕೊನೆಯ ಅಂಕಿ 3 ಅಥವಾ 8 ಎಂಬಂತೆ ಕಾಣುತ್ತದೆ. ಎರಡನ್ನೂ ಅರ್ಜಿಯಲ್ಲಿ ಬರೆದಿದ್ದೇನೆ.