ಅಪ್‌ಡೇಟ್: ಲಂಗರು ಜಾರುವುದು ನಿಂತಿತು

ನನ್ನ 6 ಮೀಟರ್ ದೋಣಿಯ ಲಂಗರು ರಾತ್ರಿ ಗಾಳಿ ಬಂದಾಗಲೆಲ್ಲ ಜಾರುತ್ತದೆ, ಇನ್ನೂ ಭಾರದ್ದು ಕೊಳ್ಳಬೇಕಾ ಎಂದು ಕೇಳಿದ್ದೆ. ಮೊದಲು ಎಷ್ಟು ಹಗ್ಗ ಬಿಡುತ್ತೀರಿ ನೋಡಿ ಎಂದು ತುಂಬಾ ಜನ ಹೇಳಿದಿರಿ. ಅದೇ ನಿಜವಾಯಿತು.

ಲೆಕ್ಕ ಹಾಕಿದೆ. ನೀರಿನ ಆಳ 4 ಮೀಟರ್, ಉಬ್ಬರಕ್ಕೆ ಏರುವುದು 2 ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ 1 ಮೀಟರ್. ಒಟ್ಟು 7. ಹಗ್ಗ, ಸರಪಳಿ ಸೇರಿ ಅದರ ಏಳು ಪಟ್ಟು ಬಿಡಬೇಕು, ಅಂದರೆ 49 ಮೀಟರ್. ನಾನು ಬಿಡುತ್ತಿದ್ದದ್ದು ಬರೀ 20! ಮೂತಿಯ ಎತ್ತರ ಮತ್ತು ಉಬ್ಬರವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಲಂಗರು ಹಳೆಯದೇ ಇದೆ. 2 ಮೀಟರ್ ಸರಪಳಿಯ ಬದಲು 8 ಮೀಟರ್ ಹಾಕಿದೆ. ಸರಪಳಿಯ ಭಾರಕ್ಕೆ ಎಳೆತ ನೆಲದ ಮಟ್ಟದಲ್ಲೇ ಇರುತ್ತದೆ, ಲಂಗರು ಮೇಲಕ್ಕೆ ಕಿತ್ತು ಬರುವುದಿಲ್ಲ. ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ಉಳಿದದ್ದು ನೈಲಾನ್ ಹಗ್ಗ. ಹಿಗ್ಗುತ್ತದೆ, ಅಲೆಯ ಜಗ್ಗು ಮೆತ್ತಗಾಗುತ್ತದೆ. ಮೊದಲಿದ್ದ ಪಾಲಿಪ್ರೊಪಿಲೀನ್ ಹಗ್ಗ ನೀರಿನ ಮೇಲೆ ತೇಲುತ್ತಿತ್ತು. ಶಾಕಲ್‌ನ (ಸರಪಳಿಯನ್ನು ಲಂಗರಿಗೆ ಜೋಡಿಸುವ ಕೊಂಡಿ) ಪಿನ್ ಬಿಚ್ಚಿಕೊಳ್ಳದಂತೆ ತಂತಿ ಕಟ್ಟಿದ್ದೇನೆ. ಇದನ್ನು ದಯವಿಟ್ಟು ಯಾರೂ ಬಿಡಬೇಡಿ.

ಹಾಕುವ ರೀತಿಯೂ ಬದಲಾಯಿತು. ಮೊದಲು ಎಲ್ಲವನ್ನೂ ಸುಮ್ನೆ ಒಂದೇ ಸಲ ಎಸೆಯುತ್ತಿದ್ದೆ. ಈಗ ದೋಣಿ ಹಿಂದಕ್ಕೆ ಸರಿಯುತ್ತಿದ್ದಂತೆ ನಿಧಾನ ಬಿಡುತ್ತೇನೆ. ಆಮೇಲೆ ಎಂಜಿನ್ ರಿವರ್ಸ್ ಹಾಕಿ ಕಚ್ಚಿದೆಯಾ ಅಂತ ನೋಡುತ್ತೇನೆ. ದಡದ ಒಂದು ಮರ, ಅದರ ಹಿಂದಿನ ಒಂದು ಕಂಬ ಒಂದೇ ಗೆರೆಯಲ್ಲೇ ಉಳಿದರೆ ದೋಣಿ ಸರಿದಿಲ್ಲ ಅಂತ.

ಮೊನ್ನೆ ಒಂದು ಸಲ ಕಚ್ಚಲೇ ಇಲ್ಲ. ಎತ್ತಿದರೆ ಪೂರ್ತಿ ಪಾಚಿ! ತೆಗೆದು, ಮರಳಿರುವ ಕಡೆ ಮತ್ತೆ ಹಾಕಿದೆ. ಆ ರಾತ್ರಿ ಗಾಳಿ ಜಾಸ್ತಿಯೇ ಇತ್ತು. ಬೆಳಿಗ್ಗೆ ಮರ, ಕಂಬ ಅದೇ ಗೆರೆಯಲ್ಲಿದ್ದವು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.