‘ಇಂಪೀರಿಯಲ್’, ‘ಪ್ರಾವಿನ್ಶಿಯಲ್’ ರೋಮನ್ ನಾಣ್ಯಗಳಿಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ನನ್ನ ಬಳಿ ಇರುವ, ರೋಮನ್ ಸಾಮ್ರಾಟರ ಕಾಲದ ಪ್ರಾಚೀನ ನಾಣ್ಯಗಳಿಗೆ ಕನ್ನಡದಲ್ಲಿ ವಿವರಪಟ್ಟಿ ಬರೆಯುತ್ತಿದ್ದೇನೆ. ಈ ನಾಣ್ಯಗಳನ್ನು ಸಂಗ್ರಹಿಸುವವರು ಎಲ್ಲಕ್ಕಿಂತ ಮೊದಲು ಅವುಗಳನ್ನು ಇಂಪೀರಿಯಲ್ ಮತ್ತು ಪ್ರಾವಿನ್ಶಿಯಲ್ ಎಂದು ಎರಡು ಪಾಲು ಮಾಡಿಕೊಳ್ಳುತ್ತಾರೆ. ಈ ಎರಡಕ್ಕೂ ಒಪ್ಪುವ ಕನ್ನಡ ಪದ ಬೇಕಾಗಿದೆ. ‘ಸಾಮ್ರಾಜ್ಯದ ನಾಣ್ಯ’, ‘ಪ್ರಾಂತ್ಯದ ನಾಣ್ಯ’ ಎಂದರೆ ನಿಘಂಟೇನೋ ಒಪ್ಪುತ್ತದೆ. ಆದರೆ ನಾಣ್ಯಗಳನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ದಾರಿ ತಪ್ಪಿಸುತ್ತವೆ.

ಮೊದಲನೆಯದು: ಎರಡೂ ಬಗೆಯವು ಸಾಮ್ರಾಜ್ಯದ ನಾಣ್ಯಗಳೇ. ಸಾಮ್ರಾಟನ ತಲೆ ಸಾಮಾನ್ಯವಾಗಿ ಎರಡರ ಮೇಲೂ ಇರುತ್ತದೆ. ಹೀಗಾಗಿ ‘ಸಾಮ್ರಾಟರ ನಾಣ್ಯ’ ಎಂದರೂ ಭೇದ ಹೊರಡುವುದಿಲ್ಲ.

ಎರಡನೆಯದು ಇನ್ನೂ ತೊಡಕಿನದು. ‘ಪ್ರಾಂತ್ಯದ ನಾಣ್ಯ’ ಎಂದ ಕೂಡಲೇ ಪ್ರಾಂತ್ಯದಲ್ಲಿ ಟಂಕಿಸಿದ್ದು ಎಂಬ ಅರ್ಥ ಬರುತ್ತದೆ. ಸಾಮ್ರಾಟರಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದಲ್ಲಿ ಹೇರಳವಾಗಿ ಬಂದ ಬೆಳ್ಳಿಯ ದೇನಾರಿಯಸ್‌ಗಳ ಟಂಕಸಾಲೆ ಇದ್ದದ್ದು ಗಾಲ್ ಪ್ರಾಂತ್ಯದ ಲುಗ್ಡುನುಮ್‌ನಲ್ಲಿ, ಅಂದರೆ ಇಂದಿನ ಫ್ರಾನ್ಸಿನ ಲಿಯೋನ್‌ನಲ್ಲಿ. ಆದರೂ ಅವು ಅಪ್ಪಟ ಇಂಪೀರಿಯಲ್. ಮೂರನೆಯ ಶತಮಾನದಲ್ಲಿ ಸಿರಿಯಾದ ಅಂತಿಯೋಕ್ ನಗರದಲ್ಲಿ ಇಂಪೀರಿಯಲ್ ಎನಿಸಿಕೊಳ್ಳುವ ಆಂಟೋನಿನಿಯಾನಸ್ ಎಂಬ ಬೆಳ್ಳಿ ನಾಣ್ಯ ಕೂಡ ತಯಾರಾಗುತ್ತಿತ್ತು, ಪ್ರಾವಿನ್ಶಿಯಲ್ ಎನಿಸಿಕೊಳ್ಳುವ ನಾಲ್ಕು ದ್ರಾಖ್ಮಾ (ಗ್ರೀಕರ ಬೆಳ್ಳಿ ನಾಣ್ಯ) ಬೆಲೆಯ ನಾಣ್ಯವೂ ತಯಾರಾಗುತ್ತಿತ್ತು. 244ರಿಂದ 249ರವರೆಗೆ ಆಳಿದ ಸಾಮ್ರಾಟ ಫಿಲಿಪ್ಪನ ಕೆಲವು ಸಿರಿಯಾ ನಾಣ್ಯಗಳ ಮೇಲೆ ‘ನಗರದ ಟಂಕಸಾಲೆ’ ಎಂಬ ಅರ್ಥದ ಲ್ಯಾಟಿನ್ ಸಂಕ್ಷೇಪವಿದೆ. ನಗರ ಎಂದರೆ ರೋಮ್; ಹೀಗಾಗಿ ಇವು ರೋಮ್‌ನಲ್ಲಿಯೇ ತಯಾರಾಗಿ ಪೂರ್ವಕ್ಕೆ ಹೋದವು ಎಂದು ವಿದ್ವಾಂಸರು ಓದುತ್ತಾರೆ. ಪಟ್ಟಿಯಲ್ಲಿ ಮಾತ್ರ ಪ್ರಾವಿನ್ಶಿಯಲ್. ಭಾಷೆಯನ್ನು ಹಿಡಿದು ಹೇಳೋಣವೆಂದರೆ ಅದೂ ನಿಲ್ಲುವುದಿಲ್ಲ. ಪೂರ್ವದ ನಗರಗಳ ಬರೆಹ ಸಾಮಾನ್ಯವಾಗಿ ಗ್ರೀಕ್. ಆದರೆ ರೋಮನ್ನರ ವಸಾಹತಾಗಿದ್ದ ಕೊರಿಂಥ್ ಲ್ಯಾಟಿನ್ನಿನಲ್ಲಿ ಬರೆಸಿತು.

ಹಾಗಾದರೆ ನಿಜವಾದ ಭೇದವೆಲ್ಲಿದೆ? ನಾನು ತಿಳಿದಂತೆ, ಅದು ಚಲಾವಣೆಯಲ್ಲಿದೆ. ಇಂಪೀರಿಯಲ್ ನಾಣ್ಯಗಳು ಒಂದೇ ಲೆಕ್ಕದ ಸರಪಳಿಗೆ ಸೇರಿದವು. ಒಂದು ಚಿನ್ನದ ಆರಿಯಸ್‌ಗೆ 25 ದೇನಾರಿಯಸ್, ಒಂದು ದೇನಾರಿಯಸ್‌ಗೆ ನಾಲ್ಕು ಹಿತ್ತಾಳೆಯ ಸೆಸ್ಟರ್ಷಿಯಸ್. ಈ ಲೆಕ್ಕಕ್ಕೆ ಇಡೀ ಸಾಮ್ರಾಜ್ಯದಲ್ಲಿ ಮಾನ್ಯತೆ ಇತ್ತು. ಪ್ರಾವಿನ್ಶಿಯಲ್ ನಾಣ್ಯಗಳು ಆಯಾ ಸೀಮೆಯ ಹಳೆಯ ತೂಕ ಮತ್ತು ಬೆಲೆಗಳನ್ನೇ ಬಹುಮಟ್ಟಿಗೆ ಮುಂದುವರಿಸಿದವು: ಉದಾಹರಣೆಗೆ ಗ್ರೀಕರ ದ್ರಾಖ್ಮಾ, ಓಬೊಲ್. ಈಜಿಪ್ಟ್ ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ. ಅಲ್ಲಿ ಹೊರಗಿನ ನಾಣ್ಯ ನಡೆಯುತ್ತಿರಲಿಲ್ಲ. ಅಲೆಕ್ಸಾಂಡ್ರಿಯಾದಲ್ಲಿ ಟಂಕಿಸಿದ, ಆಳ್ವಿಕೆಯ ವರ್ಷವನ್ನು ಗ್ರೀಕ್ ಅಕ್ಷರಗಳಲ್ಲಿ ನಮೂದಿಸಿದ ನಾಣ್ಯಗಳದ್ದೇ ಓಡಾಟ. ಸುಮಾರು 296ರಲ್ಲಿ ಸಾಮ್ರಾಟ ಡಯೊಕ್ಲೀಷಿಯನ್ ಆ ವ್ಯವಸ್ಥೆಯನ್ನು ಕೊನೆಗೊಳಿಸಿದ. ಆದ್ದರಿಂದ ನಮ್ಮ ಪದ ‘ಎಲ್ಲಿ ಹುಟ್ಟಿತು’ ಎಂಬುದಕ್ಕಿಂತ ‘ಎಲ್ಲಿ ನಡೆಯಿತು’ ಎಂಬುದನ್ನು ಸೂಚಿಸಬೇಕು.

ಪ್ರಾವಿನ್ಶಿಯಲ್‌ಗೆ ‘ನಗರ ನಾಣ್ಯ’ ಎನ್ನಬಹುದೇ? ನನಗೆ ತುಂಬ ಮೆಚ್ಚಿಗೆಯಾದ ಪದವಿದು. ಈ ನಾಣ್ಯಗಳ ಚೆಲುವೆಲ್ಲ ಇರುವುದೇ ಊರಿನ ಅಭಿಮಾನದಲ್ಲಿ. ಎಫೆಸಸ್ ತನ್ನ ಆರ್ಟೆಮಿಸ್ ದೇವಿಯನ್ನು ಕೆತ್ತಿಸಿತು, ಕಪ್ಪಡೋಸಿಯಾದ ಸಿಸೇರಿಯಾ ತನ್ನ ಆರ್ಗಾಯಸ್ ಪರ್ವತವನ್ನೇ ನಾಣ್ಯದ ಹಿಂಬದಿಗೆ ತಂದಿತು. ಸಾಮ್ರಾಟನ ಪೂಜೆಗೆ ಗುಡಿ ಕಟ್ಟುವ ಗೌರವ ಸಿಕ್ಕ ಊರುಗಳು ಅಂಥ ಗುಡಿ ತಮ್ಮಲ್ಲಿ ಎಷ್ಟಿವೆ ಎಂಬುದನ್ನೂ ಸಾರಿಕೊಂಡವು. ಆದರೆ ಅಲೆಕ್ಸಾಂಡ್ರಿಯಾದ ನಾಣ್ಯ ಆ ನಗರದ್ದಲ್ಲ, ಈಜಿಪ್ಟಿನಲ್ಲಿದ್ದ ರೋಮನ್ ಆಡಳಿತದ್ದು. ಹಲವು ನಗರಗಳ ಒಕ್ಕೂಟಗಳು ಹೊರಡಿಸಿದ ನಾಣ್ಯಗಳೂ ಇವೆ. ಇವೆಲ್ಲ ‘ನಗರ ನಾಣ್ಯ’ದ ಹೊರಗುಳಿಯುತ್ತವೆ. ‘ಸ್ಥಳೀಯ ನಾಣ್ಯ’ ಎಂದರೆ ನಮ್ಮಲ್ಲಿ ಬೇರೆ ಗೊಂದಲ. ರೋಮನ್ ಚಿನ್ನದ ನಾಣ್ಯಗಳನ್ನು ನೋಡಿ ಭಾರತದಲ್ಲಿಯೇ ಮಾಡಿದ ಅನುಕರಣೆಗಳಿಗೆ ‘ಸ್ಥಳೀಯ’ ಎಂಬ ಮಾತು ಸಹಜವಾಗಿ ಹೊಂದುತ್ತದೆ. ಅದನ್ನು ಅಲ್ಲಿಗೇ ಬಿಟ್ಟುಕೊಡುವುದು ಮೇಲು.

ನನ್ನ ಸೂಚನೆ ಹೀಗಿದೆ: ‘ಸಾಮ್ರಾಜ್ಯಮಾನ್ಯ ನಾಣ್ಯ’ ಮತ್ತು ‘ಪ್ರಾಂತಮಾನ್ಯ ನಾಣ್ಯ’. ರಾಜಮಾನ್ಯ, ಲೋಕಮಾನ್ಯ ಎಂಬ ಪದಗಳು ಕನ್ನಡದ ಕಿವಿಗೆ ಹಳೆಯವು. ‘ಪ್ರಾಂತ್ಯಮಾನ್ಯ’ಕ್ಕಿಂತ ‘ಪ್ರಾಂತಮಾನ್ಯ’ ನಾಲಗೆಗೆ ಹಗುರ. ‘ಪ್ರಾಂತ’ ಎಂಬ ರೂಪವೂ ಬಳಕೆಯಲ್ಲಿದೆ. ಒಂದು ಆಕ್ಷೇಪಣೆಯನ್ನು ನಾನೇ ಎತ್ತಿಬಿಡುತ್ತೇನೆ: ರೋಮಿನ ಹಿತ್ತಾಳೆ, ತಾಮ್ರದ ಚಿಲ್ಲರೆ ಪೂರ್ವದ ಸೀಮೆಗಳಲ್ಲಿ ಹೆಚ್ಚು ಓಡಾಡಲಿಲ್ಲ. ಆದರೂ ಮಾನ್ಯತೆ ಬೇರೆ, ರೂಢಿ ಬೇರೆ. ಪದ ಇದನ್ನು ತಾಳಿಕೊಳ್ಳುತ್ತದೆ ಎಂದು ನನ್ನ ಅಭಿಪ್ರಾಯ. ಇಂಗ್ಲಿಷಿನಲ್ಲಿಯೂ ‘ಪ್ರಾವಿನ್ಶಿಯಲ್’ ಎಂಬ ಹೆಸರು ಬಹಳ ಹಳೆಯದಲ್ಲ. ಮೊದಲು ಈ ನಾಣ್ಯಗಳನ್ನು ‘ಗ್ರೀಕ್ ಇಂಪೀರಿಯಲ್’ ಎನ್ನುತ್ತಿದ್ದರು. 1992ರಲ್ಲಿ ಲಂಡನ್ ಮತ್ತು ಪ್ಯಾರಿಸ್ಸಿನ ಸಂಸ್ಥೆಗಳು ಸೇರಿ ಹೊರತಂದ ನಾಣ್ಯಸೂಚಿಯ ಮೊದಲ ಸಂಪುಟದೊಂದಿಗೆ ‘ಪ್ರಾವಿನ್ಶಿಯಲ್’ ಗಟ್ಟಿಯಾಯಿತು.

ಕನ್ನಡದಲ್ಲಿ ಈ ಭೇದದ ಅಗತ್ಯ ಈವರೆಗೆ ಬೀಳದಿರುವುದಕ್ಕೆ ಕಾರಣವಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ಸಿಕ್ಕ ಬೆಳ್ಳಿಯ ನಿಧಿಯಾಗಲಿ, ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ದೊರೆತ ಟೈಬೀರಿಯಸ್‌ನ ನಾಣ್ಯವಾಗಲಿ ದೇನಾರಿಯಸ್‌ಗಳೇ, ಅಂದರೆ ಇಂಪೀರಿಯಲ್. ‘ರೋಮನ್ ನಾಣ್ಯ’ ಎಂದರೆ ಸಾಕಾಗುತ್ತಿತ್ತು.

ಇನ್ನೆರಡು ಪದಗಳ ಬಗ್ಗೆಯೂ ಸಲಹೆ ಬೇಕು. ಸಾಮ್ರಾಟನ ಮುಖದ ಬದಲು ರೋಮಿನ ಸೆನೆಟ್ಟನ್ನೋ ಊರಿನ ದೇವತೆಯನ್ನೋ ತೋರಿಸುವ ಪ್ರಾಂತಮಾನ್ಯ ನಾಣ್ಯಗಳಿವೆ. ಇವನ್ನು ಇಂಗ್ಲಿಷಿನಲ್ಲಿ ‘ಸ್ಯೂಡೋ ಅಟಾನಮಸ್’ ಎನ್ನುತ್ತಾರೆ. ಅದನ್ನು ‘ಹುಸಿ ಸ್ವಾಯತ್ತ’ ಮಾಡಿದರೆ ಸಂಗ್ರಾಹಕರು ಖಂಡಿತ ಬೆಚ್ಚುತ್ತಾರೆ; ನಾಣ್ಯದ ಪಕ್ಕದಲ್ಲಿ ‘ಹುಸಿ’ ಕಂಡರೆ ನಕಲಿ ಎಂದೇ ತಿಳಿಯುವುದು. ‘ಅರಸಮುಖವಿಲ್ಲದ ನಾಣ್ಯ’ ಎಂದರೆ ಕಣ್ಣಿಗೆ ಕಾಣುವುದನ್ನೇ ಹೇಳಿದಂತಾಗುತ್ತದೆ.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಇಲ್ಲಿ ಪದ ತಪ್ಪಿದರೆ ನಾಣ್ಯವೇ ಹಾಳಾಗುತ್ತದೆ. ಶತಮಾನಗಳ ಕಾಲ ಮಣ್ಣಿನಲ್ಲಿದ್ದ ಕಂಚು, ತಾಮ್ರದ ನಾಣ್ಯದ ಮೇಲೆ ಹಸಿರೋ ಕಂದೋ ಆದ ನುಣುಪಾದ ಪದರ ಕೂತಿರುತ್ತದೆ, ಅದೇ ‘ಪ್ಯಾಟಿನಾ’. ಕೆತ್ತನೆಯ ಸೂಕ್ಷ್ಮಗಳು ಎಷ್ಟೋ ವೇಳೆ ಉಳಿದಿರುವುದು ಆ ಪದರದಲ್ಲಿಯೇ. ಅದನ್ನು ‘ಕಿಲುಬು’ ಎಂದು ಬರೆದರೆ ನಮ್ಮ ಮನೆಗಳಲ್ಲಿ ಮುಂದಿನ ಕೆಲಸ ಹುಣಸೆಹಣ್ಣು ಹಚ್ಚಿ ಉಜ್ಜುವುದು. ಆ ಹುಳಿಗೆ ಪದರದ ಜೊತೆ ಮುಖ, ಬರೆಹ ಎಲ್ಲವೂ ಹೋಗುತ್ತವೆ. ಇನ್ನೊಂದೆಡೆ, ಲೋಹದೊಳಗಿನ ಕ್ಲೋರೈಡಿಗೆ ತೇವ ತಗುಲಿದಾಗ ಏಳುವ ತಿಳಿಹಸಿರು ಪುಡಿ ನಿಜವಾಗಿಯೂ ರೋಗ. ಅದು ನಾಣ್ಯವನ್ನು ತಿನ್ನುತ್ತಲೇ ಹೋಗುತ್ತದೆ. ಎರಡಕ್ಕೂ ಒಂದೇ ಪದ ಸಲ್ಲದು. ಕಿಲುಬನ್ನು ಈ ರೋಗಕ್ಕೆ ಮೀಸಲಿಟ್ಟು, ಪ್ಯಾಟಿನಾಕ್ಕೆ ‘ಹಸಿರುಪೊರೆ’ ಎಂದರೆ ಹೇಗೆ? ಕಂದು, ಕಪ್ಪು ಪದರಗಳೂ ಇರುವುದರಿಂದ ಬರೀ ‘ಪೊರೆ’ ಸಾಕೇ? ಅಥವಾ ಕಣ್ಣಿನ ಪೊರೆಯಂತೆ ಇದನ್ನೂ ತೆಗೆದುಹಾಕಬೇಕು ಎಂಬ ಭಾವನೆ ಬಂದೀತೇ? ಕಂಚುಗಾರರ ಮನೆಮಾತಿನಲ್ಲಿ, ವಿಗ್ರಹ ಕೆಲಸದವರಲ್ಲಿ, ಹೀಗೆ ಉಳಿಸಿಕೊಳ್ಳಬೇಕಾದ ಬಣ್ಣಕ್ಕೆ ಪ್ರತ್ಯೇಕ ಹೆಸರನ್ನು ಕೇಳಿದ್ದವರು ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.