ಹದಿನಾಲ್ಕು ವರ್ಷ ನಿಂತ ಫಿಯೆಟ್ ಮತ್ತೆ ಓಡುತ್ತಾ? ಹಳೇ ಕಾರುಗಳ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 27 ವರ್ಷದಿಂದ ಹಳೇ ಕಾರುಗಳ ಕೆಲಸವನ್ನೇ ಮಾಡುತ್ತಿದ್ದೇನೆ. ಜಾಸ್ತಿ ಬರುವುದು ಫಿಯೆಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್. ಈ ವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಲು ಗುಂಪಿನವರು ಕೇಳಿದ್ದಾರೆ. ಕೇಳಿ, ಗೊತ್ತಿರುವುದನ್ನು ಬಿಚ್ಚಿ ಹೇಳುತ್ತೇನೆ.

ಪ್ರಶ್ನೆ (ಸಕಲೇಶಪುರದಿಂದ): ನಮಸ್ತೆ ಸರ್. ಅಪ್ಪನ 1972ರ ಫಿಯೆಟ್ 1100 ಡಿಲೈಟ್ ತೋಟದ ಮನೆ ಶೆಡ್‌ನಲ್ಲಿ ನಿಂತು 14 ವರ್ಷ ಆಯಿತು. ಅಪ್ಪ ಹೋದ ಮೇಲೆ ಯಾರೂ ಮುಟ್ಟಿಲ್ಲ. ನಮ್ಮೂರಿನ ಒಬ್ಬ ಮೆಕ್ಯಾನಿಕ್ ಹೊಸ ಬ್ಯಾಟರಿ ಹಾಕಿ ತಳ್ಳಿ ಸ್ಟಾರ್ಟ್ ಮಾಡೋಣ ಅನ್ನುತ್ತಾರೆ. ಇನ್ನೊಬ್ಬರು ಪೂರ್ತಿ ಬಿಚ್ಚಿ ಹೊಸದಾಗಿ ಪೇಂಟ್ ಮಾಡಿಸಿ ಅನ್ನುತ್ತಾರೆ. ಮೇ ತಿಂಗಳಲ್ಲಿ ತಮ್ಮನ ಮದುವೆ. ಅಷ್ಟರಲ್ಲಿ ಕಾರು ಓಡಬೇಕು ಅಂತ ನಮ್ಮಮ್ಮನ ಆಸೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡಮ್ಮ. ತಳ್ಳುವುದಂತೂ ಬೇಡವೇ ಬೇಡ. 14 ಮಳೆಗಾಲ ಕಂಡ ಎಂಜಿನ್ ಒಳಗೆ ಪಿಸ್ಟನ್ ರಿಂಗು ಬೋರಿಗೆ, ಅಂದರೆ ಸಿಲಿಂಡರ್ ಒಳಗೋಡೆಗೆ, ತುಕ್ಕು ಹಿಡಿದು ಅಂಟಿರುತ್ತದೆ. ವಾಲ್ವ್ ತೆರೆದ ಜಾಗದಲ್ಲೇ ಸಿಕ್ಕಿಕೊಂಡಿರಬಹುದು. ನಾಲ್ಕು ಜನ ಸೇರಿ ತಳ್ಳಿ ಕ್ಲಚ್ ಬಿಟ್ಟರೆ ರಿಂಗ್ ಮುರಿಯುತ್ತದೆ, ವಾಲ್ವ್ ಎತ್ತುವ ಪುಶ್ ರಾಡ್ ಬಾಗುತ್ತದೆ. ಸಾವಿರ ರೂಪಾಯಿಯೊಳಗೆ ಮುಗಿಯಬೇಕಿದ್ದ ಕೆಲಸ ಎಂಜಿನ್ ಇಳಿಸುವವರೆಗೆ ಹೋಗುತ್ತದೆ.

ಹೀಗೆ ಮಾಡಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಸುತ್ತ ಇರುವ ಧೂಳು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಒಳಗೆ ಬೀಳುತ್ತದೆ. ಎಂಜಿನ್ ಆಯಿಲ್ ಮತ್ತು ಡೀಸೆಲ್ ಅರ್ಧರ್ಧ ಬೆರೆಸಿ ಒಂದೊಂದು ಸಿಲಿಂಡರ್‌ಗೆ ಎರಡೆರಡು ಚಮಚ ಹಾಕಿ. ಮೂರು ದಿನ ಬಿಡಿ. ದಿನಾ ಸಂಜೆ ಇನ್ನೊಂದು ಚಮಚ. ನಾಲ್ಕನೇ ದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ಮೆಲ್ಲಗೆ ತಿರುಗಿಸಿ. ತಿರುಗದಿದ್ದರೆ ಪೈಪ್ ಹಾಕಿ ಜೋರು ಮಾಡಬೇಡಿ. ಮತ್ತೆ ಎಣ್ಣೆ, ಮತ್ತೆ ಮೂರು ದಿನ. ನಾನು 20 ದಿನ ಕಾದಿರುವ ಎಂಜಿನ್‌ಗಳಿವೆ, ಕಾದಿದ್ದಕ್ಕೆ ಯಾವತ್ತೂ ಬೇಜಾರಾಗಿಲ್ಲ.

ಕಾಯುವ ಹೊತ್ತಿನಲ್ಲಿ ಮಾಡಲು ಬೇರೆ ಕೆಲಸ ಬೇಕಾದಷ್ಟಿದೆ. ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಅದು ಈಗ ವಾರ್ನಿಶ್ ವಾಸನೆ ಬರುತ್ತಿರುತ್ತದೆ. ಟ್ಯಾಂಕ್ ಬಿಚ್ಚಿ ತೊಳೆಸಿ. ಎಂಜಿನ್ ಆಯಿಲ್ ಬದಲಿಸಿ, 20ಡಬ್ಲ್ಯು-50 ಸಾಕು, ಹೊಸ ಕಾರಿನ ತೆಳು ಎಣ್ಣೆ ಇದಕ್ಕೆ ಬೇಡ. ಏರ್ ಕ್ಲೀನರ್ ಡಬ್ಬಿಯಲ್ಲಿ, ಸೀಟಿನ ಕೆಳಗೆ ಇಲಿ ಗೂಡು ಇದೆಯಾ ನೋಡಿ. ಮಲೆನಾಡಿನ ಶೆಡ್ ಅಂದರೆ ಇದ್ದೇ ಇರುತ್ತದೆ. ಇಲಿ ಕಡಿದ ವೈರಿಗೆ ಬ್ಯಾಟರಿ ಕೊಟ್ಟರೆ ಬೆಂಕಿ. ಹಾಗಾಗಿ ವೈರಿಂಗ್ ಪೂರ್ತಿ ನೋಡುವವರೆಗೆ ಬ್ಯಾಟರಿ ಹತ್ತಿರಕ್ಕೂ ತರಬೇಡಿ.

ಇನ್ನು ಬ್ರೇಕ್. ಎಂಜಿನ್‌ಗಿಂತ ನನಗೆ ಇದೇ ಮುಖ್ಯ. ಈ ಕಾರಿಗೆ ನಾಲ್ಕೂ ಕಡೆ ಡ್ರಮ್. ವೀಲ್ ಸಿಲಿಂಡರ್‌ಗಳು ಜಾಮ್ ಆಗಿರುತ್ತವೆ, ರಬ್ಬರ್ ಕಲ್ಲಾಗಿರುತ್ತದೆ. ಮಾಸ್ಟರ್ ಸಿಲಿಂಡರ್ ಕಿಟ್, ವೀಲ್ ಸಿಲಿಂಡರ್ ಕಿಟ್, ರಬ್ಬರ್ ಹೋಸ್ ಎಲ್ಲವನ್ನೂ ಹೊಸದಾಗಿ ಹಾಕಿಸಿ. 'ಒಂದು ಚೆನ್ನಾಗಿದೆ, ಇರಲಿ ಬಿಡಿ' ಅಂದರೆ ಒಪ್ಪಬೇಡಿ. ನಿಮ್ಮ ಕಡೆ ಘಾಟಿ ರಸ್ತೆ, ಅಲ್ವಾ?

ಪೇಂಟ್ ಕೊನೆಗೆ. ಮೇ ತಿಂಗಳಿಗೆ ಕಾರು ಓಡಬೇಕು, ನಿಲ್ಲಬೇಕು, ಅಷ್ಟೇ ಗುರಿ ಇಟ್ಟುಕೊಳ್ಳಿ. ಅಪ್ಪ ಓಡಿಸಿದ ಬಣ್ಣದಲ್ಲೇ ಮದುವೆಗೆ ಬರಲಿ. ಆತುರದಲ್ಲಿ ಪೂರ್ತಿ ಬಿಚ್ಚಿದ ಕಾರು ಮೇ ತಿಂಗಳಲ್ಲಿ ಎಂಟು ಗೋಣಿಚೀಲದಲ್ಲಿರುತ್ತದೆ.

ಪ್ರಶ್ನೆ (ಅವರೇ ಮತ್ತೆ): ಥ್ಯಾಂಕ್ಸ್ ಸರ್. ಆದರೆ ಕೆಳಗೆ ತುಕ್ಕು ಜಾಸ್ತಿ ಇದೆ ಅನಿಸುತ್ತಿದೆ. ಡ್ರೈವರ್ ಕಾಲ ಹತ್ತಿರ ಮ್ಯಾಟ್ ಎತ್ತಿದರೆ ನೆಲ ಕಾಣುತ್ತದೆ! ಓಡಿಸಬಹುದಾ?

ಉತ್ತರ: ಹಾಗಿದ್ದರೆ ಮೊದಲು ಅದನ್ನು ಅಳೆಯೋಣ. ಫಿಯೆಟ್‌ನ 1100/103 ಅಂತ 1953ರಲ್ಲಿ ಇಟಲಿಯಲ್ಲಿ ಬಂದ ಕಾರೇ ನಿಮ್ಮದರ ಮೂಲ. ಅದಕ್ಕೆ ಬೇರೆ ಚಾಸಿ, ಅಂದರೆ ಬಾಡಿ ಹೊರುವ ಕಬ್ಬಿಣದ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ಹೆರಾಲ್ಡ್‌ನಲ್ಲಿ ಹಾಗಲ್ಲ, ಕೆಳಗೆ ಚಾಸಿ ಫ್ರೇಮ್ ಇದೆ, ಬಾಡಿ ಅದರ ಮೇಲೆ ಕೂತಿದೆ. ಅದಕ್ಕೇ ಫಿಯೆಟ್‌ನಲ್ಲಿ ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯಂಥ ಭಾಗಕ್ಕೆ ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಗೇ ಹಿಡಿದ ಹಾಗೆ.

ಒಂದು ಹಳೇ ಸ್ಕ್ರೂಡ್ರೈವರ್ ಮತ್ತು ಒಂದು ಸಣ್ಣ ಆಯಸ್ಕಾಂತ ತಗೊಳ್ಳಿ. ಬಾಗಿಲ ಕೆಳಗೆ, ಜಾಕ್ ಕೊಡುವ ಜಾಗ, ಹಿಂದಿನ ಸ್ಪ್ರಿಂಗ್ ಬಾಡಿಗೆ ಸೇರುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಕೆಳಗೆ, ಇಲ್ಲೆಲ್ಲ ಸ್ಕ್ರೂಡ್ರೈವರ್‌ನಿಂದ ಒತ್ತಿ. ಟಣ್ ಅಂದರೆ ಲೋಹ ಇದೆ. ಒಳಗೆ ಹೋದರೆ ಇಲ್ಲ. ಮಡ್ಗಾರ್ಡ್ ಮೇಲೆ ಆಯಸ್ಕಾಂತ ಹಿಡಿಯದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ನೆಲದ ತಗಡು ಮಾತ್ರ ಹೋಗಿದ್ದರೆ ಹೆದರಬೇಡಿ, ತುಂಡು ಕತ್ತರಿಸಿ ಹೊಸದು ಬೆಸುಗೆ ಹಾಕಬಹುದು. ಬಾಗಿಲ ಕೆಳಗಿನ ಭಾಗ ಹೋಗಿದ್ದರೆ ಮದುವೆಗೆ ಬೇರೆ ಕಾರು ನೋಡಿ, ಇದನ್ನು ನಿಧಾನವಾಗಿ ಮಾಡಿಸಿ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪೈಪ್ ಬೆಸೆದು ಹಿಡಿಸಬೇಕು. ಟಿಂಕರಿಂಗ್ ಮಾಡುವವರು ಈ ಪೈಪ್ ಹಾಕದೆ ಕತ್ತರಿ ಹಿಡಿದರೆ ಅಲ್ಲೇ ಕೆಲಸ ನಿಲ್ಲಿಸಿ. ಬಾಡಿ ನಡುವಲ್ಲಿ ಕುಗ್ಗಿದರೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ.

ಇನ್ನೊಂದು ಮಾತು. ಕಾರಿನ ಮೇಲೆ ತಾಡಪಾಲು ಹೊದಿಸಿದ್ದರೆ ತೆಗೆದುಹಾಕಿ. ಪ್ಲಾಸ್ಟಿಕ್ ಕೆಳಗೆ ಕಾರು ಬೆವರುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಸಾಕು, ಗಾಳಿ ಆಡಬೇಕು.

ಪ್ರಶ್ನೆ (ದಾವಣಗೆರೆಯಿಂದ): ಅಣ್ಣಾ, ನಂದು 1978ರ ಅಂಬಾಸಿಡರ್. ಈಗಿನ ಎಥೆನಾಲ್ ಪೆಟ್ರೋಲ್ ಹಾಕಿದರೆ ಎಂಜಿನ್ ಹಾಳಾಗುತ್ತೆ ಅಂತಾರೆ. ಸೀಸ ಇಲ್ಲದ ಪೆಟ್ರೋಲ್‌ಗೂ ವಾಲ್ವ್ ಸೀಟ್ ಸವೆಯುತ್ತೆ ಅಂತಾರೆ. ನಿಜಾನಾ?

ಉತ್ತರ: ಎರಡೂ ನಿಜ, ಎರಡಕ್ಕೂ ದಾರಿ ಇದೆ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿಯಲ್ಲಿ. ನಿಮ್ಮ 1489 ಸಿಸಿ ಎಂಜಿನ್‌ನ ಹೆಡ್, ಅಂದರೆ ವಾಲ್ವ್‌ಗಳಿರುವ ಮೇಲ್ಭಾಗ, ಎರಕದ ಕಬ್ಬಿಣದ್ದು; ವಾಲ್ವ್ ಮುಚ್ಚಿದಾಗ ಕೂರುವ ಸೀಟ್ ಆ ಕಬ್ಬಿಣದಲ್ಲೇ ಕೊರೆದದ್ದು. ಸೀಸ ಅಲ್ಲಿ ಮೆತ್ತೆಯ ಹಾಗೆ ಕೆಲಸ ಮಾಡುತ್ತಿತ್ತು. ಭಾನುವಾರ ಭಾನುವಾರ 30 ಕಿಲೋಮೀಟರ್ ಮೆಲ್ಲಗೆ ಓಡಿಸುವವರಿಗೆ ಸವೆತ ತುಂಬ ನಿಧಾನ. ಟ್ಯಾಪೆಟ್ ಸಂದು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಜಾಗ) ಕಡಿಮೆ ಆಗುತ್ತಿದೆಯಾ ಅಂತ ಆಗಾಗ ನೋಡುತ್ತಿರಿ. ಮುಂದೆ ಯಾವಾಗಲಾದರೂ ಹೆಡ್ ಇಳಿಸಿದರೆ ಆಗ ಗಟ್ಟಿ ಉಕ್ಕಿನ ಸೀಟ್ ಹಾಕಿಸಿ. ಅದಕ್ಕೋಸ್ಕರ ಸುಮ್ನೆ ಹೆಡ್ ಇಳಿಸಬೇಡಿ. ಫಿಯೆಟ್‌ನವರಿಗೆ ಈ ಚಿಂತೆ ಕಡಿಮೆ, ಅದರ ಹೆಡ್ ಅಲ್ಯೂಮಿನಿಯಂ, ಸೀಟ್ ಬೇರೆ ಲೋಹದ್ದು ಕೂಡಿಸಿರುತ್ತಾರೆ.

ಎಥೆನಾಲ್‌ದು ಬೇರೆ ಕಥೆ. ಅದು ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಟ್ಯಾಂಕ್ ತಳ ಸೇರುತ್ತದೆ, ಅಲ್ಲಿಂದ ತುಕ್ಕು. ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ವೈಟಾನ್ ರಬ್ಬರ್ ಪೈಪಿಗೆ ಬದಲಿಸಿ. ಪಂಪ್ ಡಯಾಫ್ರಮ್ ಕೂಡ ಹೊಸದು ಹಾಕಿ. ಶೇಕಡಾ 20 ಎಥೆನಾಲ್ ಇದ್ದಾಗ ಎಂಜಿನ್‌ಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಸಿಕ್ಕ ಹಾಗಾಗುತ್ತದೆ. ನಿಮ್ಮ ಎಸ್‌ಯು ಕಾರ್ಬೊರೇಟರ್‌ನಲ್ಲಿ ಜೆಟ್ ನಟ್ ಸ್ವಲ್ಪ ಇಳಿಸಿ, ಪೆಟ್ರೋಲ್ ಹೆಚ್ಚು ಬರುವ ಹಾಗೆ ಸರಿ ಮಾಡಬಹುದು. ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ ನಿಲ್ಲಿಸಿ. ಹದಿನೈದು ದಿನಕ್ಕೊಮ್ಮೆ ಓಡುವ ಕಾರಿಗೆ ಈ ತೊಂದರೆ ಬರುವುದು ಅಪರೂಪ.

ಪ್ರಶ್ನೆ (ಬೆಂಗಳೂರಿನಿಂದ): ಸರ್, ವಿಂಟೇಜ್ ನೋಂದಣಿ ಮಾಡಿಸಬೇಕಾ? ನಮ್ಮ ಕಾರು 1969ರದ್ದು, ನಂಬರ್ ಎಂವೈ ಇಂದ ಶುರು.

ಉತ್ತರ: 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ, ಆಮೇಲೆ ಮರುನೋಂದಣಿಗೆ 5,000 ಅಂತ ಆಗ ನಿಗದಿ ಮಾಡಿದರು. ಹೊಸದಾಗಿ ನೋಂದಾಯಿಸುವ ಕಾರಿಗೆ ನಂಬರಿನ ನಡುವೆ ವಿಎ ಅಂತ ಬರುತ್ತದೆ. ಮೊದಲೇ ನೋಂದಣಿ ಇರುವ ಕಾರು ತನ್ನ ಹಳೇ ನಂಬರ್ ಉಳಿಸಿಕೊಳ್ಳಬಹುದು.

ಆದರೆ ಒಂದನ್ನು ಯೋಚಿಸಿ. ವಿಂಟೇಜ್ ಅಂತ ಮಾಡಿಸಿದ ಮೇಲೆ ಆ ಕಾರು ರಸ್ತೆಗೆ ಇಳಿಯುವುದು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ. ದಿನದ ಓಡಾಟಕ್ಕೆ ಇಲ್ಲ. ಸಂಜೆ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಬೇಕು ಅನ್ನುವವರಿಗೆ ನಾನು ಹೇಳುವುದು ಮಾಮೂಲಿ ಆರ್‌ಸಿ ನವೀಕರಣವೇ. ಫಾರಂ 25, ಐದು ವರ್ಷಕ್ಕೊಮ್ಮೆ. ಆ ಎಂವೈ ನಂಬರ್ ಪ್ಲೇಟ್ ಇದೆಯಲ್ಲ, ಅದು ಕೆಎ ಬರುವುದಕ್ಕಿಂತ ಎಷ್ಟೋ ಮೊದಲಿನದು. ಆರ್‌ಸಿ ಬುಕ್ ಜೋಪಾನ. ಹರಿದಿದ್ದರೂ ಬಿಸಾಡಬೇಡಿ.

ಸಕಲೇಶಪುರದಿಂದ ಪ್ರಶ್ನೆ ಕೇಳಿದವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಕಾರು ಇನ್ನೂ ನಿಮ್ಮ ತಂದೆಯ ಹೆಸರಲ್ಲೇ ಇದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿ. ತಡ ಆಗಿದೆ, ದಂಡ ಕಟ್ಟಬೇಕಾಗಬಹುದು. ಮನೆಯವರೆಲ್ಲ ಊರಲ್ಲಿರುವ ಹೊತ್ತಿನಲ್ಲೇ ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ಬಿಡಿಭಾಗ ಎಲ್ಲಿ ಸಿಗತಾವ ಸರ್? ಪದ್ಮಿನಿದು.

ಉತ್ತರ: ಪದ್ಮಿನಿ (ಇದೇ ಫಿಯೆಟ್ 1100ರ ಆಮೇಲಿನ ಹೆಸರು) ಆದರೆ ಮುಂಬೈ. ಕಾರು ತಯಾರಾಗಿದ್ದೇ ಕುರ್ಲಾದಲ್ಲಿ, ಕಾಲಿ-ಪೀಲಿ ಟ್ಯಾಕ್ಸಿಗಳ ಕಾಲದಿಂದ ಅಲ್ಲಿ ಸಾಮಾನು ತುಂಬಿದೆ. ಕೊನೆಯ ಪದ್ಮಿನಿ ಟ್ಯಾಕ್ಸಿ ಅಲ್ಲಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ, ಹಾಗಾಗಿ ಸಾಮಾನು ಇನ್ನು ಕಡಿಮೆ ಆಗುತ್ತಾ ಹೋಗುತ್ತದೆ. ಬೇಕಾದ್ದನ್ನು ಈಗಲೇ ತೆಗೆದಿಡಿ. ಬೆಂಗಳೂರಲ್ಲಿ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ಚೆನ್ನೈನಲ್ಲಿ ಪುದುಪೇಟೆ. ಹಳೇ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಫೋಟೋ ಸಾಲದು. ರಬ್ಬರ್ ಬೀಡಿಂಗ್ ಮಾತ್ರ ಹಳೇ ಸ್ಟಾಕ್ ತಗೋಬೇಡಿ, ಅಂಗಡಿಯಲ್ಲೇ ಒಣಗಿರುತ್ತದೆ.

ಪ್ರಶ್ನೆ (ಮಂಗಳೂರಿನಿಂದ): ಶೋಗೆ ತರುವಾಗ ತೀರ್ಪುಗಾರರು ಏನು ನೋಡುತ್ತಾರೆ? ನನ್ನ ಹೆರಾಲ್ಡ್‌ಗೆ ಮೆಟಾಲಿಕ್ ಕೆಂಪು ಹೊಡೆಸಿದ್ದೇನೆ, ಹೊಸ ಸೀಟು ಹಾಕಿಸಿದ್ದೇನೆ, ಸಖತ್ತಾಗಿದೆ. ಆದರೂ ಹೋದ ಸಲ ಏನೂ ಸಿಗಲಿಲ್ಲ.

ಉತ್ತರ: ನಿಮ್ಮ ಶ್ರಮ ನನಗೆ ಅರ್ಥ ಆಗುತ್ತದೆ. ಆದರೆ ಆ ಕಾರು ಕಾರ್ಖಾನೆಯಿಂದ ಆಚೆ ಬಂದಾಗ ಆ ಬಣ್ಣ ಅದಕ್ಕೆ ಇರಲಿಲ್ಲ. ಹೊಳಪಿಗೆ ಅಂಕ ಇದೆ, ಆದರೆ ಕಾರು ಅದರ ಕಾಲಕ್ಕೆ ಸರಿಯಾಗಿದೆಯಾ ಅನ್ನುವುದಕ್ಕೆ ಇನ್ನೂ ಜಾಸ್ತಿ ಇದೆ. ಎಂಜಿನ್ ನಂಬರ್ ಆರ್‌ಸಿಗೆ ಹೊಂದುತ್ತಾ, ಟೈರ್ ಅಳತೆ ಸರಿಯಾ, ಬೋಲ್ಟ್ ತಲೆ ಆ ಕಾಲದ್ದಾ, ಇಂಡಿಕೇಟರ್, ಹಾರ್ನ್, ವೈಪರ್ ಕೆಲಸ ಮಾಡುತ್ತಾ ಅಂತ ನೋಡುತ್ತಾರೆ. ಮೂಲ ಜಾಕ್, ಟೂಲ್ ಚೀಲ, ಕಂಪನಿಯ ಕೈಪಿಡಿ ಇದ್ದರೆ ಡಿಕ್ಕಿಯಲ್ಲಿ ಹರಡಿ ಇಡಿ. ಹಳೇ ವಾಹನಗಳ ಅಂತರರಾಷ್ಟ್ರೀಯ ಸಂಸ್ಥೆ ಫಿವಾ ಕೂಡ ಕಾರನ್ನು ಹೊಸದು ಮಾಡುವುದಕ್ಕಿಂತ ಇದ್ದ ಹಾಗೆ ಉಳಿಸುವುದಕ್ಕೇ ಒತ್ತು ಕೊಡುತ್ತದೆ.

ಇದನ್ನು ನಾನು ಕಲಿತದ್ದು ನೋವಿನಿಂದ. ಕೆಲಸ ಕಲಿಯುತ್ತಿದ್ದ ಮೊದಲ ವರ್ಷಗಳಲ್ಲಿ ಒಬ್ಬರ ಫಿಯೆಟ್‌ನ ಮೂಲ ಸೀಟ್ ಬಟ್ಟೆ, ಬಾಗಿಲ ಒಳಗಿನ ಹಲಗೆ ಎಲ್ಲ ಕಿತ್ತು ಗುಜರಿಗೆ ಹಾಕಿದೆ. ಹೊಸ ರೆಕ್ಸಿನ್ ಹೊಲಿಸಿದೆ. ಮಾಲೀಕರು ಬಂದು ಹಿಂದಿನ ಸೀಟು ಮುಟ್ಟಿ ನೋಡಿದರು. 'ಇಲ್ಲಿ ನನ್ನ ಮಗಳು ಪೆನ್ಸಿಲ್‌ನಿಂದ ಹೆಸರು ಬರೆದಿದ್ದಳು' ಅಂದರು. ಬೈಯಲಿಲ್ಲ. ಆವತ್ತಿಂದ ಯಾವ ಕಾರಿನ ಯಾವ ವಸ್ತುವನ್ನೂ ಮಾಲೀಕರನ್ನು ಕೇಳದೆ ಎಸೆದಿಲ್ಲ. ನಿಮ್ಮ ಹೆರಾಲ್ಡ್‌ನ ಹಳೇ ಸೀಟು ಇನ್ನೂ ಅಟ್ಟದಲ್ಲಿದ್ದರೆ ಕೆಳಗಿಳಿಸಿ. ಮೂಲ ಬಣ್ಣ ಬೇಕಾದರೆ ಡ್ಯಾಶ್‌ಬೋರ್ಡ್ ಹಿಂದೆ, ಸ್ಟೆಪ್ನಿ ಗುಂಡಿಯ ಮೂಲೆಯಲ್ಲಿ ನೋಡಿ. ಅಲ್ಲಿಗೆ ಪೇಂಟರ್ ಕೈ ಹೋಗಿರುವುದಿಲ್ಲ. 1500 ನಂಬರ್ ಎಮೆರಿ ಪೇಪರ್ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಒಂದೊಂದೇ ಪದರ ಬಿಡುತ್ತದೆ.

ಪ್ರಶ್ನೆ (ತುಮಕೂರಿನಿಂದ): ಸರ್, ನಾನು ಡಿಪ್ಲೊಮಾ ಓದುತ್ತಿದ್ದೇನೆ. ಕಾರು ಇಲ್ಲ, ದುಡ್ಡೂ ಇಲ್ಲ. ಕಲಿಯಬೇಕು ಅಂತ ಆಸೆ.

ಉತ್ತರ: ಒಂದು ಹಳೇ ಕಾರ್ಬೊರೇಟರ್ ಗುಜರಿಯಲ್ಲಿ ತಗೋ ತಮ್ಮಾ. ಬಿಚ್ಚು, ಫೋಟೋ ತೆಗಿ, ತೊಳೆ, ಜೋಡಿಸು. ಹತ್ತು ಸಲ. ಆಮೇಲೆ ಧರ್ಮಸ್ಥಳದ ಕಾರ್ ಮ್ಯೂಸಿಯಂಗೆ ಹೋಗಿ ಅರ್ಧ ದಿನ ಕಳಿ. ನೋಟ್‌ಬುಕ್ ತಗೊಂಡು ಹೋಗು, ಬಾಗಿಲ ಹಿಡಿ, ದೀಪ, ಬಂಪರ್ ಬೋಲ್ಟ್ ಎಲ್ಲ ಬರೆದುಕೋ. ರಜೆಯಲ್ಲಿ ನನ್ನ ಗ್ಯಾರೇಜಿಗೆ ಬಾ. ಊಟ ನಮ್ಮ ಮನೆಯಲ್ಲಿ.

ಪ್ರಶ್ನೆ (ಸಕಲೇಶಪುರದಿಂದ, ಆರು ದಿನದ ನಂತರ): ಸರ್! ಸ್ಪ್ಯಾನರ್ ಹಾಕಿ ತಿರುಗಿಸಿದೆವು. ಕಾಲು ಸುತ್ತು ತಿರುಗಿ ನಿಂತಿತು. ಅಮ್ಮ ಚಪ್ಪಾಳೆ ತಟ್ಟಿದರು. ಬಾಗಿಲ ಕೆಳಗೆ ಟಣ್ ಅನ್ನುತ್ತದೆ, ತೂತು ನೆಲದಲ್ಲಿ ಮಾತ್ರ. ಈಗ ಇನ್ನೂ ಜೋರಾಗಿ ತಿರುಗಿಸಲಾ?

ಉತ್ತರ: ಬೇಡ, ಬೇಡ! ಕಾಲು ಸುತ್ತು ಬಂದಿದ್ದೇ ದೊಡ್ಡದು. ಈಗ ಹಿಂದಕ್ಕೆ ಕಾಲು ಸುತ್ತು ತಿರುಗಿಸಿ, ಮತ್ತೆ ಮುಂದಕ್ಕೆ. ಎಲ್ಲಿ ತಡೆಯುತ್ತದೋ ಅಲ್ಲಿ ಬಿಡಿ, ಇನ್ನೊಂದು ಚಮಚ ಎಣ್ಣೆ ಹಾಕಿ. ಮೇಲಿನ ವಾಲ್ವ್ ಕವರ್ ಬಿಚ್ಚಿ, ತಿರುಗಿಸುವಾಗ ಎಂಟೂ ವಾಲ್ವ್ ಏರಿ ಇಳಿಯುತ್ತಿವೆಯಾ ನೋಡಿ. ಯಾವುದಾದರೂ ಕೆಳಗೇ ನಿಂತಿದ್ದರೆ ತಿರುಗಿಸುವುದನ್ನು ನಿಲ್ಲಿಸಿ, ಅದರ ಕಾಂಡಕ್ಕೆ (ಉದ್ದ ಕಡ್ಡಿಯಂಥ ಭಾಗಕ್ಕೆ) ಎಣ್ಣೆ ಬಿಟ್ಟು ಫೋಟೋ ಇಲ್ಲಿ ಹಾಕಿ. ಸ್ಟಾರ್ಟರ್ ಇನ್ನೂ ಮುಟ್ಟಬೇಡಿ. ನೆಲದ ತಗಡಿನ ಅಳತೆಯನ್ನು ಹಳೇ ಪೇಪರ್ ಮೇಲೆ ಗೆರೆ ಎಳೆದು ತೆಗೆದಿಡಿ, ಅಷ್ಟರಲ್ಲಿ ಬ್ರೇಕ್ ಕಿಟ್‌ಗಳ ಪಟ್ಟಿ ಬರೆದು ಕೊಡುತ್ತೇನೆ.